ಘಟ್ಟದ ಮೇಲಿನವರ ಹಡಗು

• ನಾಗಮಂಗಲಕ್ಕೆ ಕೆರೆ, ಕೆ.ಆರ್. ಪೇಟೆಗೆ ಹೇಮಾವತಿ, ಪಾಂಡವಪುರಕ್ಕೆ ವಿ.ಸಿ. ನಾಲೆ, ಶ್ರೀರಂಗಪಟ್ಟಣಕ್ಕೆ ಸುತ್ತಲೂ ಕಾವೇರಿ. ಈ ಸೀಮೆಯ ನೀರಿನ ಮೇಲೆ ತೇಲಿದ್ದು ಹೆಚ್ಚೆಂದರೆ ಹರಿಗೋಲು. ಈ ಪಟ್ಟಣದಲ್ಲೇ ಕೂತು 1796ರಲ್ಲಿ ಮೈಸೂರಿನ ಟಿಪ್ಪು ಸುಲ್ತಾನ 22 ಭಾರಿ ಯುದ್ಧನೌಕೆ, 20 ಫ್ರಿಗೇಟ್ ಕಟ್ಟಿಸಲು ಹುಕುಂ ಹೊರಡಿಸಿದ. ಉಸ್ತುವಾರಿಗೆ 11 ಮಂದಿ ‘ಮೀರ್ ಯಮ್’ಗಳು. ಕಡಲು ಘಟ್ಟದಾಚೆ, ಕಡಲ ಕಚೇರಿ ಕಾವೇರಿ ನಡುವೆ. ಇದೆಂಥ ಲೆಕ್ಕ?

• ಹಿಂದಿನದು ನೋಡಿದರೆ ಕೊಂಚ ತಿಳಿಯುತ್ತದೆ. 1780ರಲ್ಲಿ ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿನಲ್ಲಿ ಟಿಪ್ಪುವಿನ ಅಪ್ಪ ಹೈದರನ ಹಡಗುಗಳನ್ನು ಹಾಳುಗೆಡವಿ ಹೋಗಿದ್ದ. ಬ್ರಿಟಿಷರ ಜೊತೆಗಿನ 1792ರ ಒಪ್ಪಂದದಲ್ಲಿ ಮಲಬಾರ್ ಕೈತಪ್ಪಿತು. ಉಳಿದ ಕರಾವಳಿಯನ್ನಾದರೂ ಕಾಯಬೇಕಲ್ಲ! ಹಡಗು ಕಟ್ಟೋಕೆ ಕಡಲು ಬೇಕು, ಕಟ್ಟಿಸೋಕೆ ಖಜಾನೆ ಸಾಕು. ಸಾಲದೇ ಹೋದದ್ದು ಸಮಯ: 1799ರ ಮೇ 4ಕ್ಕೆ ಶ್ರೀರಂಗಪಟ್ಟಣದ ಕೋಟೆ ಬಿತ್ತು.

• ಹಡಗೊಂದಕ್ಕೆ ಎಷ್ಟು ಸಮಯ ಬೇಕು ಅನ್ನೋದಕ್ಕೆ ಭಾರತೀಯ ನೌಕಾಪಡೆಯ ಐಎನ್‌ಎಸ್ ಮೈಸೂರು ಡೆಸ್ಟ್ರಾಯರ್ ಇದೆ. ಮುಂಬೈನ ಮಝಗಾಂವ್ ಡಾಕ್‌ನಲ್ಲಿ ಕೆಲಸಕ್ಕೆ ಅಡಿಗಲ್ಲು ಬಿದ್ದದ್ದು 1991ರಲ್ಲಿ, ನೀರಿಗಿಳಿದದ್ದು 1993ರಲ್ಲಿ, ಸೇವೆಗೆ ಸೇರಿದ್ದು 1999ರ ಜೂನ್ 2ಕ್ಕೆ. ತೇಲೋಕೆ ಎರಡು ವರ್ಷ, ಸಜ್ಜಾಗೋಕೆ ಆರು! 163 ಮೀಟರ್ ಉದ್ದದ ಒಡಲಿಗೆ ರಾಡಾರ್, ಸೋನಾರ್, ಕ್ಷಿಪಣಿ, ಟಾರ್ಪಿಡೋ, ಇವನ್ನೆಲ್ಲ ಹೆಣೆಯುವ ಕೇಬಲ್ಲು ಒಂದೊಂದಾಗಿ ಸೇರಬೇಕು. ಗ್ಯಾಸ್ ಟರ್ಬೈನ್ ಉಕ್ರೇನಿನದು. ನಡುವೆ ಸೋವಿಯತ್ ಒಕ್ಕೂಟವೇ ಒಡೆದು ಸಾಮಾನು ಬರೋದು ತಡವಾಯ್ತು. ಒಂದಕ್ಕೇ ಎಂಟು ವರ್ಷ. ಟಿಪ್ಪುವಿಗೆ ನಲವತ್ತೆರಡಕ್ಕೆ ಸಿಕ್ಕಿದ್ದು ಮೂರು.

• ಕೋಟೆ ಬಿದ್ದು ಇನ್ನೂರು ವರ್ಷ ತುಂಬಿ ಇನ್ನೂ ತಿಂಗಳಾಗಿರಲಿಲ್ಲ, ಹಡಗು ಸೇವೆಗೆ ಸೇರಿತು. ಯಾರೋ ಇಟ್ಟ ಮುಹೂರ್ತವಲ್ಲ. ಅದು ಕಾರ್ಗಿಲ್ ಯುದ್ಧದ ಗದ್ದಲದ ದಿನ.

• ಹಡಗಿನ ಲಾಂಛನ ನೋಡಿ ಮತ್ತೆ ತಲೆ ಕೆಟ್ಟಿತು. ಮೈಸೂರಿನ ಒಡೆಯರ ಗಂಡಭೇರುಂಡ ಇದೆ, ಟಿಪ್ಪುವಿನ ಹುಲಿ ಇಲ್ಲ. ಹಿಂದೆ 1957ರಿಂದ 1985ರವರೆಗೆ ಇದೇ ಹೆಸರಿನ ಕ್ರೂಸರ್ ಇತ್ತು, ಹಕ್ಕಿ ಅದರಿಂದ ಬಂದ ಬಳುವಳಿ. ಆ ಕ್ರೂಸರ್ ಬ್ರಿಟಿಷರಲ್ಲಿದ್ದಾಗ ಅದರ ಹೆಸರು ‘ನೈಜೀರಿಯಾ’!

• ಶ್ರೀರಂಗಪಟ್ಟಣ ರೈಲು ನಿಲ್ದಾಣದ ಬಳಿ ಟಿಪ್ಪು ಕಾಲದ ಮದ್ದಿನಮನೆ. ಇಟ್ಟಿಗೆ-ಗಾರೆಯ ದಪ್ಪ ಗೋಡೆ. ಅರ್ಧ ನೆಲದೊಳಗೇ ಹೂತುಕೊಂಡಿತ್ತು. ಹಡಗಿನಲ್ಲೂ ಮದ್ದುಗುಂಡಿನ ಕೋಣೆ ಒಡಲಿನ ತಳದಲ್ಲೇ. ಮದ್ದು ಸಿಡಿದೀತೆಂಬ ಅಂಜಿಕೆ ಎರಡೂ ಕಡೆ ಒಂದೇ. 2017ರಲ್ಲಿ ಜೋಡಿ ಹಳಿಗಾಗಿ ಈ ಮನೆಯನ್ನು ಬುಡಸಮೇತ ಎತ್ತಿ ಸುಮಾರು 130 ಮೀಟರ್ ಸರಿಸಿದರು. ಹಡಗಿನ ಉದ್ದದಷ್ಟೂ ಇಲ್ಲ!

• 2008ರ ಡಿಸೆಂಬರಿನಲ್ಲಿ ಏಡನ್ ಕೊಲ್ಲಿಯಲ್ಲಿ ಐಎನ್‌ಎಸ್ ಮೈಸೂರು ಇಥಿಯೋಪಿಯದ ಸರಕು ಹಡಗೊಂದನ್ನು ಕಾಪಾಡಿ 23 ಕಡಲ್ಗಳ್ಳರನ್ನು ಹಿಡಿಯಿತು. ಮೈಸೂರಿಗೆ ಕಡಲೇ ಇಲ್ಲ ಅಂದಿದ್ದರೆ ಅವರು ನಂಬುತ್ತಿದ್ದರೇ?