ಕಪ್ಪು ಬಿಳುಪಿನಲ್ಲಿ ಕುಂಕುಮ

ಕಾಫಿಪುಡಿಯ ವಿಷಯದಲ್ಲಿ ನಮ್ಮ ಕಡೆ ಇಬ್ಬರು ಒಪ್ಪಿದ್ದನ್ನು ನಾನು ಕಂಡಿಲ್ಲ. ಒಬ್ಬರಿಗೆ ಪೀಬೆರಿಯೇ ಆಗಬೇಕು. ಇನ್ನೊಬ್ಬರು ಪ್ಲಾಂಟೇಶನ್ ಬೀಜವಲ್ಲದೆ ಬೇರೆಯದನ್ನು ಮೂಸಿಯೂ ನೋಡರು. ಚಿಕೋರಿ ಬೆರೆಸುವುದು ಮಹಾಪಾಪವೆನ್ನುವವರ ಪಕ್ಕದಲ್ಲಿಯೇ, ಅದಿಲ್ಲದಿದ್ದರೆ ಡಿಕಾಕ್ಷನ್ನಿಗೆ ಗಟ್ಟಿತನವೇ ಬಾರದೆನ್ನುವವರು ಕುಳಿತಿರುತ್ತಾರೆ. ಕಪ್ಪು ಬಿಳುಪು ಫೋಟೋ ತೆಗೆಯುವವರ ಜಗಳವೂ ಇಂಥದೇ. ಫಿಲಮು ಎಂದರೆ ಪುಡಿ. ಅದನ್ನು ತೊಳೆಯುವ ಡೆವಲಪರ್ ಎಂಬ ರಸಾಯನವೇ ಡಿಕಾಕ್ಷನ್ ಇಳಿಸುವ ಕ್ರಮ. ಎರಡೂ ಕೂಡಿದ ಮೇಲಷ್ಟೆ ರುಚಿಯ ಮಾತು.

“ಈ ಕಾಲದಲ್ಲಿ ಅದೆಲ್ಲ ಯಾಕೆ ಸಾರ್?” ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಜೇಬಿನಲ್ಲಿರುವ ಫೋನು ಒಂದು ನಿಮಿಷದಲ್ಲಿ ನೂರು ಚಿತ್ರ ತೆಗೆಯುವಾಗ, ಮೂವತ್ತಾರೇ ಚಿತ್ರದ ಒಂದು ರೀಲಿಗೆ ದುಡ್ಡು ಸುರಿದು, ರಾತ್ರಿ ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಕೂರುವುದು ಅವರಿಗೆ ವಿಚಿತ್ರವಾಗಿ ಕಾಣುವುದು ಸಹಜ. ಹಳಗನ್ನಡ ಪಾಠ ಮಾಡುವವನಿಗೆ “ಈ ಕಾಲದಲ್ಲಿ ಅದೆಲ್ಲ ಯಾಕೆ” ಎಂಬ ಪ್ರಶ್ನೆ ಹೊಸದೇನಲ್ಲ. ಆದ್ದರಿಂದ ನಾನು ವಾದಕ್ಕೆ ಇಳಿಯುವುದಿಲ್ಲ. ಅಡುಗೆಮನೆಯ ಮಾತಿನಲ್ಲಿ ವಿಷಯ ಹೇಳುತ್ತೇನೆ.

ಫಿಲಮಿನ ಮೇಲೆ ಬಳಿದಿರುವುದು ಬೆಳ್ಳಿಯ ಲವಣದ ಕಣಗಳು. ಸಾಮಾನ್ಯವಾಗಿ ಕಣ ದೊಡ್ಡದಾದಷ್ಟೂ ಅಲ್ಪ ಬೆಳಕಿಗೇ ಎಚ್ಚರಗೊಳ್ಳುತ್ತದೆ. ಚಿಕ್ಕದಾದಷ್ಟೂ ಹೆಚ್ಚು ಬೆಳಕು ಬೇಡುತ್ತದೆ, ಆದರೆ ಚಿತ್ರ ನುಣುಪಾಗಿ ಬರುತ್ತದೆ. ಇಲ್‌ಫರ್ಡ್‌ನವರ ಪ್ಯಾನ್ ಎಫ್ ಪ್ಲಸ್ ಎಂಬ ೫೦ರ ವೇಗದ ಫಿಲಮು ಚಿರೋಟಿ ರವೆ. ೧೨೫ರ ಎಫ್‌ಪಿ೪ ಪ್ಲಸ್ ಮಧ್ಯಮ ರವೆ. ೪೦೦ರ ಎಚ್‌ಪಿ೫ ಪ್ಲಸ್ಸು, ೧೯೫೪ರಲ್ಲಿ ೩೫ ಮಿಲಿಮೀಟರ್ ಸುರುಳಿಯಾಗಿ ಬಂದ ಕೊಡಕ್‌ನವರ ಟ್ರೈ-ಎಕ್ಸು, ಇವೆರಡೂ ಬನ್ಸಿ ರವೆ. ಬನ್ಸಿ ರವೆಯಲ್ಲಿ ಚಿರೋಟಿ ಏಳುವುದಿಲ್ಲ. ಚಿರೋಟಿ ರವೆಯಲ್ಲಿ ಉಪ್ಪಿಟ್ಟು ಮಾಡಹೋದರೆ ಅಂಟಾದೀತು. ಇದರಲ್ಲಿ ಮೇಲು ಕೀಳೆಂಬುದಿಲ್ಲ. ಮಾಡಬೇಕಾದ ಅಡುಗೆ ಯಾವುದೆಂದು ಮೊದಲು ಗೊತ್ತಿರಬೇಕು, ಅಷ್ಟೆ.

ಇನ್ನು ತೊಳೆಯುವ ಮದ್ದು. ೧೮೯೧ರಲ್ಲಿ ಪೇಟೆಂಟ್ ಪಡೆದ ರೋಡಿನಾಲ್ ಇವುಗಳಲ್ಲಿ ಅಜ್ಜ. ಒಂದು ಪಾಲಿಗೆ ಐವತ್ತು ಪಾಲು ನೀರು ಬೆರೆಸಿದರೂ ಕೆಲಸ ಮಾಡುತ್ತದೆ. ಅಂಚುಗಳನ್ನು ಉಳಿಯಿಂದ ಕೊರೆದಂತೆ ತೋರಿಸುತ್ತದೆ. ಫಿಲಮು ವೇಗದ್ದಾದರೆ ರವೆಯನ್ನೂ ಎತ್ತಿ ತೋರಿಸುತ್ತದೆ. ಪರ್ಸೆಪ್ಟಾಲ್ ನಯಗಾರ, ಆದರೆ ಆ ನಯಕ್ಕೆ ಫಿಲಮಿನ ವೇಗದಲ್ಲಿ ಸುಂಕ ಕಟ್ಟಬೇಕು. ಇವರಿಬ್ಬರ ನಡುವೆ ಗೃಹಸ್ಥನಂತೆ ನಿಂತಿರುವುದು ಡಿ-೭೬. ಕೊಡಕ್ ಕಂಪನಿಯ ಜಾನ್ ಕ್ಯಾಪ್‌ಸ್ಟಾಫ್ ಎಂಬುವರು ೧೯೨೦ರ ದಶಕದಲ್ಲಿ ರೂಪಿಸಿದ ಇದು ಗುಟ್ಟಿನ ಮದ್ದೇನೂ ಅಲ್ಲ: ಒಂದು ಲೀಟರಿಗೆ ಮೆಟಾಲ್ ೨ ಗ್ರಾಂ, ಸೋಡಿಯಂ ಸಲ್ಫೈಟ್ ೧೦೦ ಗ್ರಾಂ, ಹೈಡ್ರೋಕ್ವಿನೋನ್ ೫ ಗ್ರಾಂ, ಬೋರಾಕ್ಸ್ ೨ ಗ್ರಾಂ. ಮೊದಲು ಒಂದು ಚಿಟಿಕೆ ಸಲ್ಫೈಟ್, ಆಮೇಲೆ ಮೆಟಾಲ್, ಅನಂತರ ಉಳಿದ ಸಲ್ಫೈಟ್. ಎಲ್ಲ ಸಲ್ಫೈಟನ್ನೂ ಮೊದಲೇ ಸುರಿದರೆ ಮೆಟಾಲ್ ಸುಲಭವಾಗಿ ಕರಗುವುದಿಲ್ಲ. ಒಗ್ಗರಣೆಗೆ ಒಂದು ಕ್ರಮವಿಲ್ಲವೆ, ಹಾಗೆ. ಇಲ್‌ಫರ್ಡ್‌ನವರ ಐಡಿ-೧೧ ಹೆಚ್ಚುಕಡಿಮೆ ಇದೇ ಪಾಕ. ನೀರು ಬೆರೆಸದೆ ಬಳಸಿದರೆ ಅದರಲ್ಲಿರುವ ಸಲ್ಫೈಟ್ ಕಣದ ಅಂಚನ್ನು ಕರಗಿಸಿ ಮೃದುಮಾಡುತ್ತದೆ. ಸಮಪಾಲು ನೀರು ಬೆರೆಸಿದರೆ ಆ ಗುಣ ತಗ್ಗಿ ಚಿತ್ರ ತುಸು ಚುರುಕಾಗುತ್ತದೆ.

ನಮ್ಮ ನೆರೆಯಲ್ಲಿಯೂ ಒಂದು ಫಿಲಮು ಹುಟ್ಟಿತ್ತು. ೧೯೬೦ರಲ್ಲಿ ಉದಕಮಂಡಲದಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ತಯಾರಿಸಿದ ಅದರ ಹೆಸರು ‘ಇಂದು’. ಬೆಳ್ಳಿಯಿಂದಾದ ವಸ್ತುವಿಗೆ ಚಂದ್ರನ ಹೆಸರು; ಇಟ್ಟವರು ರಸಿಕರೇ ಇರಬೇಕು. ಕಾರ್ಖಾನೆ ಮುಚ್ಚಿತು, ‘ಇಂದು’ ಇಂದು ಇಲ್ಲ. ಕನ್ನಡ ಮೇಷ್ಟರ ಬಾಯಿಗೆ ಸಿಕ್ಕ ಶ್ಲೇಷೆ, ಓದುಗರು ಸಹಿಸಿಕೊಳ್ಳಬೇಕು.

ಇಷ್ಟು ಪೀಠಿಕೆಯಾದ ಮೇಲೆ ನಮ್ಮ ಸೋದರತ್ತೆಯ ಮಾತಿಗೆ ಬರುತ್ತೇನೆ. ಫಿಲಮು ಆರಿಸುವುದು ಬರಿಯ ರುಚಿಯ ಪ್ರಶ್ನೆಯಲ್ಲವೆಂದು ನನಗೆ ತಿಳಿದದ್ದು ಅವರಿಂದ.

ಅತ್ತೆಯ ಮದುವೆಯಾದದ್ದು ೧೯೫೪ರಲ್ಲಿ. ಆಗ ತೆಗೆಸಿದ ಫೋಟೋ ಮೈಸೂರಿನ ಅವರ ತೊಟ್ಟಿಮನೆಯ ಗೋಡೆಯ ಮೇಲೆ ಇನ್ನೂ ಇದೆ. ಅದರಲ್ಲಿ ಅವರ ಕೆಂಪು ಸೀರೆ ಕಪ್ಪು, ತುಟಿ ಕಪ್ಪು, ಕುಂಕುಮ ಕಾಡಿಗೆಯ ಬೊಟ್ಟಿನಷ್ಟು ಕಪ್ಪು. ಸ್ಟುಡಿಯೋದವರು ಬಳಸಿದ್ದು ಆರ್ಥೋಕ್ರೊಮ್ಯಾಟಿಕ್ ಜಾತಿಯದಾಗಿರಬೇಕು. ಅದಕ್ಕೆ ನೀಲಿ ಹಸಿರುಗಳು ಕಾಣುತ್ತವೆ, ಕೆಂಪು ಕಾಣುವುದಿಲ್ಲ. ಕಾಣದ್ದು ಪ್ರಿಂಟಿನಲ್ಲಿ ಕತ್ತಲೆಯಾಗುತ್ತದೆ.

ಮಾವ ತೀರಿಕೊಂಡದ್ದು ೧೯೮೩ರಲ್ಲಿ. ಆಗ ನಾನು ನಾಲ್ಕು ವರ್ಷದವನು. ಮುಂದಿನದನ್ನು ನಮ್ಮ ತಾಯಿ ಹೇಳಿ ಕೇಳಿದ್ದೇನೆ. ಕರ್ಮಗಳೆಲ್ಲ ಮುಗಿದ ಮೇಲೆ ಮನೆಯ ಹಿರಿಯರು ಆ ಕಾಲದಲ್ಲಿ ಹೇಳುತ್ತಿದ್ದುದನ್ನು ಹೇಳಿದರಂತೆ. ಅತ್ತೆ ಎದ್ದು ನಿಂತು, “ತಾಳಿ ಅವರು ಕಟ್ಟಿದ್ದು, ತೆಗೆದಿದ್ದೀನಿ. ಕುಂಕುಮ ನಮ್ಮಮ್ಮ ತೊಟ್ಟಿಲಲ್ಲಿ ಇಟ್ಟದ್ದು. ಅದನ್ನ ತೆಗೆಯೋಲ್ಲ,” ಎಂದರಂತೆ. ಅದಾದ ಮೇಲೆ ಮೂರು ವರ್ಷ ನೆಂಟರ ಯಾವ ಮದುವೆಗೂ ಅವರಿಗೆ ಕರೆ ಬರಲಿಲ್ಲ. ಅತ್ತೆ ಜಗಳವಾಡಲಿಲ್ಲ, ಅಳಲಿಲ್ಲ. ದಿನವೂ ಮಿಂದು, ಕನ್ನಡಿಯ ಮುಂದೆ ನಿಂತು, ಕಾಸಿನಗಲ ಕುಂಕುಮ ಇಟ್ಟುಕೊಂಡು ಹೊರಗೆ ಬರುತ್ತಿದ್ದರು. ಈಗಲೂ ಬರುತ್ತಾರೆ.

ಕೆಲವು ವರ್ಷಗಳ ಹಿಂದೆ ಅವರ ಚಿತ್ರವೊಂದನ್ನು ಯಾರೋ ಫೋನಿನಲ್ಲಿ ತೆಗೆದು, ಒಂದು ಅಂಗಡಿಯಲ್ಲಿ ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ತಂದರು. ಅಂಗಡಿಯವರು ಕೇಳದೆಯೇ ಉಪಕಾರ ಮಾಡಿದ್ದರು: ಸುಕ್ಕಿಲ್ಲ, ಮೈಬಣ್ಣ ಹಾಲಿನಂತೆ, ಕುಂಕುಮವೂ ತೊಳೆದುಹೋಗಿ ಒಂದು ತಿಳಿಗುಲಾಬಿ ಮಚ್ಚೆ. ಅತ್ತೆ ನೋಡಿ, “ಯಾರೋ ಈಕೆ? ಲಕ್ಷಣವಾಗಿದಾಳೆ,” ಎಂದರು. ಎಲ್ಲರೂ ನಕ್ಕರು. ಆಮೇಲೆ ನನ್ನೊಬ್ಬನನ್ನೇ ಕರೆದು, “ನಾನು ಹೋದಮೇಲೆ ಗೋಡೆಗೆ ಒಂದು ಹಾಕ್ತೀರಲ್ಲ, ಅದನ್ನ ನೀನು ತೆಗೆದುಕೊಡು. ನಿನ್ನ ಆ ಹಳೇ ಪೆಟ್ಟಿಗೇಲಿ. ಕುಂಕುಮ ಇರಬೇಕು, ಮದುವೆ ಪಟದ ಹಾಗೆ ಕರ್ರಗಿರಬಾರದು, ಇದರ ಹಾಗೆ ಮಾಯವಾಗಿರಲೂಬಾರದು,” ಎಂದರು.

ಮಾತು ಸುಲಭ. ಆದರೆ ಯೋಚಿಸಿ. ಈಗಿನ ಕಪ್ಪು ಬಿಳುಪು ಫಿಲಮು ಬಹುಮಟ್ಟಿಗೆ ಪ್ಯಾನ್‌ಕ್ರೊಮ್ಯಾಟಿಕ್. ಅದಕ್ಕೆ ಎಲ್ಲ ಬಣ್ಣವೂ ಕಾಣುತ್ತದೆ, ಕೆಂಪಿನ ಬಗ್ಗೆಯಂತೂ ನಮ್ಮ ಕಣ್ಣಿಗಿಂತ ಉದಾರಿ. ಗೋಧಿ ಮೈಬಣ್ಣದ ಹಣೆಯೂ ಅದರ ಮೇಲಿನ ಕೆಂಪೂ ಒಂದೇ ಬೂದಿಯಾಗಿ ಬೆರೆತುಹೋಗಬಹುದು. ಹಳೆಯ ಮಾದರಿಯ ಬಲ್ಬಿನ ಹಳದಿ ಬೆಳಕಿನಲ್ಲಿ ಇನ್ನೂ ಹೆಚ್ಚು. ಸಂಪ್ರದಾಯ ಅಳಿಸಲಾಗದ್ದನ್ನು ಒಂದು ಫಿಲಮು ಸದ್ದಿಲ್ಲದೆ ಅಳಿಸಿಬಿಡುತ್ತದೆ. ಇಲ್‌ಫರ್ಡ್‌ನವರ ಆರ್ಥೋ ಪ್ಲಸ್ ಈಗಲೂ ಸಿಗುತ್ತದೆ, ನಿಜ. ಅದನ್ನು ಬಳಸಿದರೆ ಮತ್ತೆ ಮದುವೆಯ ಪಟದ ಕಪ್ಪೇ. ಮೇಲಾಗಿ ಅದರ ವೇಗ ೮೦. ಅತ್ತೆಗೆ ಎಂಬತ್ತೆಂಟು, ತಲೆ ಸದಾ ಸಣ್ಣಗೆ ಅಲುಗುತ್ತಿರುತ್ತದೆ. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಬಹುದು, ಅತ್ತೆಯನ್ನು ನಿಲ್ಲಿಸುವುದು ಹೇಗೆ? ಸೆಕೆಂಡಿನ ಅರವತ್ತನೆಯ ಒಂದು ಪಾಲಿಗಿಂತ ನಿಧಾನವಾಗುವಂತಿಲ್ಲ. ಫ್ಲ್ಯಾಷ್ ಅವರ ಕಣ್ಣಿಗೆ ಆಗದು.

ಹೀಗೆ ಒಂದೊಂದೇ ದಾರಿ ಮುಚ್ಚುತ್ತ ಬಂದು ಉಳಿದದ್ದು ಇದು: ತೊಟ್ಟಿಯ ಕಂಬದ ಪಕ್ಕ, ಆಕಾಶದಿಂದ ಇಳಿಯುವ ಬೆಳಗಿನ ಬೆಳಕು, ೪೦೦ರ ಎಚ್‌ಪಿ೫, ಮಸೂರದ ಮುಂದೆ ಹಳದಿ-ಹಸಿರು ಗಾಜು. ಆ ಗಾಜು ಕೆಂಪನ್ನು ತಡೆಯುತ್ತದೆ, ಕುಂಕುಮ ಹಣೆಗಿಂತ ಗಾಢವಾಗುತ್ತದೆ, ಆದರೆ ಕಪ್ಪಾಗುವುದಿಲ್ಲ. ಬದಲಿಗೆ ಸುಮಾರು ಅರ್ಧ ಬೆಳಕನ್ನು ನುಂಗುತ್ತದೆ. ಮುಖವನ್ನೂ ಒಂದಿಷ್ಟು ಗಾಢಮಾಡುತ್ತದೆ. ಅಷ್ಟು ಕೊಡಲೇಬೇಕು. ಮದ್ದಿನಲ್ಲಿ ರೋಡಿನಾಲ್ ಬೇಡ. ಅದು ಸುಕ್ಕುಗಳನ್ನು ನೇಗಿಲ ಸಾಲು ಮಾಡೀತು. ಪರ್ಸೆಪ್ಟಾಲ್ ಕೇಳುವ ವೇಗದ ಸುಂಕ ನನ್ನಲ್ಲಿಲ್ಲ. ಐಡಿ-೧೧, ಸಮಪಾಲು ನೀರು, ೨೦ ಡಿಗ್ರಿ, ೧೩ ನಿಮಿಷ. ನಮ್ಮ ಬೇಸಿಗೆಯಲ್ಲಿ ನಲ್ಲಿಯ ನೀರು ೨೦ ಡಿಗ್ರಿಗೆ ಎಲ್ಲಿ ಬಂತು? ಬೋಗುಣಿಯಲ್ಲಿ ಹೂಜಿಯ ನೀರು ಸುರಿದು, ಐಸು ಹಾಕಿ, ಅದರಲ್ಲಿ ಡಬ್ಬಿ ಇಟ್ಟೆ. ನಿಮಿಷಕ್ಕೊಮ್ಮೆ ಹತ್ತು ಸೆಕೆಂಡು ಮಗುಚಿಡುವುದು, ಕಾಯುವುದು.

ತೊಳೆದು ನೇತುಹಾಕಿದ ನೆಗೆಟಿವನ್ನು ದೀಪಕ್ಕೆ ಹಿಡಿದೆ. ತಿರುವುಮುರುವಾದ ಆ ಪುಟ್ಟ ಮುಖದ ಹಣೆಯ ನಡುವೆ ಸಾಸಿವೆಯಷ್ಟು ತಿಳಿಯಾದ ಚುಕ್ಕೆ. ಅದು ಅಲ್ಲಿತ್ತು.

ಒಳ್ಳೆಯ ಫಿಲಮು ಯಾವುದು, ಒಳ್ಳೆಯ ಮದ್ದು ಯಾವುದು ಎಂದು ಈಗ ಯಾರಾದರೂ ಕೇಳಿದರೆ, ನೀವು ಯಾವುದನ್ನು ಉಳಿಸಬೇಕೆಂದಿದ್ದೀರಿ ಎಂದು ನಾನು ಕೇಳುತ್ತೇನೆ. ಎಲ್ಲವನ್ನೂ ಉಳಿಸುವ ಫಿಲಮು ಇಲ್ಲ. ಯಾವುದನ್ನು ಬಿಟ್ಟರೂ ಸರಿಯೆ, ಯಾವುದನ್ನು ಬಿಡಲಾಗದು ಎಂಬ ತೀರ್ಮಾನ ರೀಲು ಹಾಕುವ ಮೊದಲೇ ಆಗಿರಬೇಕು. ಅತ್ತೆ ಆ ತೀರ್ಮಾನವನ್ನು ನಾಲ್ಕು ದಶಕಗಳ ಹಿಂದೆಯೇ ಮಾಡಿದ್ದರು. ನನ್ನ ಪಾಲಿಗೆ ಉಳಿದದ್ದು ಲೆಕ್ಕಾಚಾರ.

ಪ್ರಿಂಟನ್ನು ಅವರ ಕೈಗೆ ಕೊಟ್ಟೆ. ಪೊರೆ ಬಂದ ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

“ಬೂದು ಬಣ್ಣ,” ಎಂದರು.

“ಹೌದು ಅತ್ತೆ. ನಿಮ್ಮ ಮುಖಕ್ಕಿಂತ ಗಾಢ.”

“ಇದೆಯಲ್ಲ, ಸಾಕು. ಇದನ್ನ ಯಾರಾದರೂ ಅಳಿಸಬಹುದೇನೋ?”

“ಕಾಗದ ಹರಿಯಬಹುದು. ನೆಗೆಟಿವ್ ನನ್ನ ಹತ್ತಿರ ಇರುತ್ತೆ.”

“ಹಾಗಾದರೆ ಅದನ್ನ ನಿನ್ನ ಮಗಳ ಕೈಗೆ ಕೊಟ್ಟಿಡು,” ಎಂದರು. “ಯಾಕೆ ಅಂತಲೂ ಹೇಳಿಡು.”