ಹೊಂದಿಸಿ ಬರೆಯಿರಿ

ನಮ್ಮ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಇಂಗ್ಲಿಷ್ ಶಿಕ್ಷಕರು. ಮೂವತ್ತು ವರ್ಷಗಳ ಕಾಲ ಕನ್ನಡ ಮಾಧ್ಯಮದ ಮಕ್ಕಳ ಮುಂದೆ ಸೀಮೆಸುಣ್ಣ ಸವೆಸಿದವರು. ಹಳ್ಳಿಯ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದೆಂದರೆ ಹೇಗಾದರೂ ಪರೀಕ್ಷೆ ದಾಟಿಸುವುದು ಎಂದೇ ನಾವು ತಿಳಿದಿದ್ದೆವು. ಅದಕ್ಕಾಗಿ ಸಮಾನಾರ್ಥಕ ಪದಗಳ ಪಟ್ಟಿಯೊಂದನ್ನು ಮಾಡಿಕೊಂಡಿದ್ದೆವು. ಬಿಗ್ ಎಂದರೆ ಲಾರ್ಜ್, ಹ್ಯಾಪಿ ಎಂದರೆ ಗ್ಲ್ಯಾಡ್. ಅದೇ ಪಟ್ಟಿಯ ಒಂದು ಸಾಲಿನಲ್ಲಿ ಸಸ್ಪೆಕ್ಟ್, ಅಕ್ಯೂಸ್ಡ್, ಕಲ್ಪ್ರಿಟ್, ಕನ್ವಿಕ್ಟ್ ಎಂಬ ನಾಲ್ಕು ಪದಗಳೂ ಒಟ್ಟಿಗೆ ಕುಳಿತಿದ್ದವು. ಮಕ್ಕಳು ಬಾಯಿಪಾಠ ಮಾಡಿದರು, ಅಂಕ ಪಡೆದರು, ಪಾಸಾದರು. ಆ ಸಾಲಿನಿಂದ ಯಾರಿಗಾದರೂ ನಷ್ಟವಾದೀತೆಂದು ನಾವು ಯೋಚಿಸಿಯೇ ಇರಲಿಲ್ಲ.

ಅದು ತಪ್ಪು ಎಂದು ನಮಗೆ ಹೊಳೆದದ್ದು 2007ರ ಜುಲೈ ತಿಂಗಳಲ್ಲಿ. ನಮ್ಮ ಮಲೆನಾಡಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ವೈದ್ಯಕೀಯ ಓದಿ, ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ದುಡಿಯುತ್ತಿದ್ದ ಡಾ. ಮುಹಮ್ಮದ್ ಹನೀಫ್ ಅವರನ್ನು ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಲಾಯಿತು. ಅವರು ಆಗಷ್ಟೇ ಹುಟ್ಟಿದ್ದ ಮಗಳನ್ನು ನೋಡಲು ಬೆಂಗಳೂರಿಗೆ ಹೊರಟಿದ್ದರು. ಅದಕ್ಕೆ ಎರಡು ದಿನ ಮೊದಲು ಬ್ರಿಟನ್ನಿನ ಗ್ಲಾಸ್ಗೊ ವಿಮಾನ ನಿಲ್ದಾಣದ ಮೇಲೆ ದಾಳಿ ನಡೆದಿತ್ತು. ಜೀಪು ನುಗ್ಗಿಸಿದಾತ ಹನೀಫರ ದೂರದ ಸಂಬಂಧಿ. 2006ರಲ್ಲಿ ಬ್ರಿಟನ್ ಬಿಡುವಾಗ ಹನೀಫ್ ತಮ್ಮ ಮೊಬೈಲ್ ಸಿಮ್ ಕಾರ್ಡನ್ನು ಆತನ ಸಹೋದರನಿಗೆ ಕೊಟ್ಟು ಬಂದಿದ್ದರು. ಇಷ್ಟೇ ಸಂಗತಿ.

ಅವರ ಮೇಲೆ ಆರೋಪ ಹೊರಿಸಿದ್ದು ಹನ್ನೆರಡು ದಿನಗಳ ಬಳಿಕ. ಆ ಆರೋಪದಲ್ಲಿದ್ದ ಪದ ನಮ್ಮ ಕಣ್ಣಿಗೆ ಚುಚ್ಚಿತು. ಉಗ್ರರ ಸಂಘಟನೆ ಎಂದು ತಿಳಿದೇ ನೆರವು ನೀಡಿದರು ಎಂದು ಅದು ಹೇಳುತ್ತಿರಲಿಲ್ಲ. ಅದು ಉಗ್ರರ ಸಂಘಟನೆಯೇ ಎಂಬ ವಿಷಯದಲ್ಲಿ 'ರೆಕ್ಲೆಸ್' ಆಗಿ ನೆರವು ನೀಡಿದರು ಎನ್ನುತ್ತಿತ್ತು. ನಾವು ತರಗತಿಯಲ್ಲಿ ರೆಕ್ಲೆಸ್ ಎಂದರೂ ಕೇರ್‌ಲೆಸ್ ಎಂದರೂ 'ಅಜಾಗರೂಕ' ಎಂದು ಬರೆಸುತ್ತಿದ್ದೆವು. ಕಾನೂನಿನ ಕಣ್ಣಿಗೆ ಅವು ಒಂದೇ ಅಲ್ಲ. ಶಾಲೆ ಬಿಡುವ ಹೊತ್ತೆಂಬುದನ್ನು ಗಮನಿಸದೆ ಗೇಟಿನ ಮುಂದೆ ಜೋರಾಗಿ ಸ್ಕೂಟರ್ ಓಡಿಸಿದವನು ಕೇರ್‌ಲೆಸ್. ಮಕ್ಕಳು ರಸ್ತೆ ದಾಟುತ್ತಿರುವುದನ್ನು ಕಂಡೂ, ಅಪಾಯ ತಿಳಿದೂ, ವೇಗ ತಗ್ಗಿಸದವನು ರೆಕ್ಲೆಸ್. ಮಗುವಿನತ್ತಲೇ ಗುರಿಯಿಟ್ಟು ನುಗ್ಗಿಸಿದವನದು ಇಂಟೆನ್ಷನ್. ಒಂದು ಪದದಿಂದ ಇನ್ನೊಂದು ಪದಕ್ಕೆ ಹೋಗುವಾಗ ಮನುಷ್ಯನ ಬದುಕಿನ ಎಷ್ಟೋ ವರ್ಷಗಳು ಜೈಲಿನ ಒಳಗೋ ಹೊರಗೋ ಆಗಿಬಿಡುತ್ತವೆ. ಉಳಿದ ಕರೆಯ ಹಣ ಹಾಳಾಗದಿರಲೆಂದು ಸಂಬಂಧಿಕನಿಗೆ ಸಿಮ್ ಕೊಟ್ಟವನು ಇವುಗಳಲ್ಲಿ ಯಾವ ಪದಕ್ಕೆ ಸೇರುತ್ತಾನೆ?

ಜುಲೈ 16ರಂದು ನ್ಯಾಯಾಲಯ ಅವರಿಗೆ ಜಾಮೀನು ಕೊಟ್ಟಿತು. ಕೆಲವೇ ಗಂಟೆಗಳಲ್ಲಿ ಅಲ್ಲಿನ ವಲಸೆ ಸಚಿವರು ಅವರ ವೀಸಾ ರದ್ದು ಮಾಡಿದರು. ಶಂಕಿತರೊಂದಿಗೆ 'ಅಸೋಸಿಯೇಷನ್' ಇದೆ, ಆದ್ದರಿಂದ 'ಕ್ಯಾರೆಕ್ಟರ್' ಪರೀಕ್ಷೆಯಲ್ಲಿ ಫೇಲು ಎಂಬುದು ಕಾರಣ. ಇತ್ತ ಸಿಮ್ ಕಾರ್ಡ್ ಉರಿದ ಜೀಪಿನಲ್ಲಿ ಸಿಕ್ಕಿತೆಂದು ನ್ಯಾಯಾಲಯಕ್ಕೆ ಹೇಳಿದ್ದೇ ತಪ್ಪು ಎಂದು ಬಯಲಾಯಿತು. ಅದು ಇದ್ದದ್ದು ದೂರದ ಲಿವರ್‌ಪೂಲ್‌ನಲ್ಲಿ. ಜುಲೈ 27ರಂದು ಆರೋಪವನ್ನು ಕೈಬಿಡಲಾಯಿತು. ಆಗಸ್ಟ್ 21ರಂದು ನ್ಯಾಯಮೂರ್ತಿ ಸ್ಪೆಂಡರ್ ವೀಸಾ ರದ್ದತಿಯ ಆದೇಶವನ್ನೂ ತಳ್ಳಿಹಾಕಿದರು. ಆ ತೀರ್ಪು ನಿಂತದ್ದು ಒಂದೇ ಪದದ ಅರ್ಥದ ಮೇಲೆ. ನೆಂಟಸ್ತಿಕೆ, ಪರಿಚಯ, ಒಡನಾಟ ಬೇರೆ. ಅಪರಾಧದಲ್ಲಿ ಕೈಜೋಡಿಸುವ ಸಂಬಂಧ ಬೇರೆ. ಸಚಿವರು 'ಅಸೋಸಿಯೇಷನ್' ಪದವನ್ನು ಮಿತಿಮೀರಿ ಹಿಗ್ಗಿಸಿದ್ದಾರೆ ಎಂಬುದು ಅದರ ಸಾರ. ಸಚಿವರ ಮೇಲ್ಮನವಿಯೂ ಅದೇ ಡಿಸೆಂಬರ್‌ನಲ್ಲಿ ವಜಾ ಆಯಿತು. ಆದರೂ ಅಲ್ಲಿನ ಪೊಲೀಸರು ಹನೀಫ್ ಇನ್ನು 'ಪರ್ಸನ್ ಆಫ್ ಇಂಟರೆಸ್ಟ್' ಅಲ್ಲ ಎಂದು ಹೇಳಲು 2008ರ ಆಗಸ್ಟ್ ಬರಬೇಕಾಯಿತು. ಪರಿಹಾರ ಸಿಕ್ಕಿದ್ದು 2010ರಲ್ಲಿ.

ಅಂದು ನಾವು ಹಳೆಯ ಪಟ್ಟಿಯನ್ನು ಹರಿದು ಹಾಕಿದೆವು. ಮುಂದಿನ ವರ್ಷಗಳಲ್ಲಿ ಮಕ್ಕಳಿಗೆ ಒಂದೊಂದು ಪದವನ್ನೂ ಬೇರೆ ಬೇರೆ ಮಾಡಿ ಹೇಳಿದೆವು. ಅನುಮಾನಕ್ಕೆ ಒಳಗಾದವನು ಸಸ್ಪೆಕ್ಟ್, ಆರೋಪ ಹೊತ್ತವನು ಅಕ್ಯೂಸ್ಡ್. ಸಾಕ್ಷ್ಯ ನೋಡಿ ನ್ಯಾಯಾಲಯ ತಪ್ಪಿತಸ್ಥನೆಂದ ಮೇಲಷ್ಟೇ ಕನ್ವಿಕ್ಟ್. ಕನ್ನಡದಲ್ಲೂ ಶಂಕಿತ, ಆರೋಪಿ, ಅಪರಾಧಿ ಎಂಬ ಚೆಂದದ ಪದಗಳಿವೆ. ಪದಗಳ ಬಡತನ ನಮಗಿಲ್ಲ. ಆದರೆ ಬೇಲ್ ಸಿಕ್ಕರೂ 'ಬಿಡುಗಡೆ', ವಿಚಾರಣೆಗೆ ಮೊದಲೇ ಆಧಾರವಿಲ್ಲವೆಂದು ಡಿಸ್‌ಚಾರ್ಜ್ ಆದರೂ 'ಬಿಡುಗಡೆ', ವಿಚಾರಣೆ ಪೂರ್ತಿ ಮುಗಿದು ಅಕ್ವಿಟ್ ಆದರೂ 'ಬಿಡುಗಡೆ' ಎಂದು ಬಿಟ್ಟರೆ ಓದುಗ ಏನೆಂದು ತಿಳಿಯಬೇಕು? 2022ರ ಕೊನೆಗೆ ನಮ್ಮ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು ಎಂದು ಸರಕಾರದ ಅಂಕಿಅಂಶವೇ ಹೇಳಿತು. ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ಊರಿನ ಬಾಯಲ್ಲಿ ಮಾತ್ರ ಅವರೆಲ್ಲರೂ 'ಜೈಲಿಗೆ ಹೋದವರು'.

ಇಷ್ಟೆಲ್ಲ ತಿಳಿದ ಮೇಲೂ ನಾವೇ ಎಡವಿದೆವು. ಅದನ್ನು ಹೇಳದಿದ್ದರೆ ಈ ಬರಹ ಪ್ರಾಮಾಣಿಕವಾಗದು.

ಹನೀಫ್ ಪ್ರಕರಣವಾಗಿ ಕೆಲವು ವರ್ಷಗಳ ನಂತರ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನನ್ನು ಯಾವುದೋ ಪ್ರಕರಣದ ವಿಚಾರಣೆಗೆಂದು ಕರೆದೊಯ್ದು, ಮೂರು ದಿನ ಇಟ್ಟುಕೊಂಡು ಕಳಿಸಿದರು. ಆರೋಪಪಟ್ಟಿಯಲ್ಲಿ ಅವನ ಹೆಸರೇ ಬರಲಿಲ್ಲ. ಅವನ ಫೋಟೋ ಮಾತ್ರ ಪತ್ರಿಕೆಯಲ್ಲಿ ಬಂತು. ಇದ್ದ ಕೆಲಸ ಹೋಯಿತು. ಬೇರೆ ಕೆಲಸಕ್ಕೆ ಅರ್ಜಿ ಹಾಕಲು ಪರಿಚಿತರಿಂದ ನಡತೆಯ ಪತ್ರ ಬೇಕಿತ್ತು. ಒಂದು ಸಂಜೆ ನಮ್ಮ ಮನೆಗೆ ಬಂದು, ಕುರ್ಚಿಯ ತುದಿಯಲ್ಲಿ ಕುಳಿತು ಕೇಳಿದ. ಐದು ವರ್ಷ ನಮ್ಮ ಕೈಯಲ್ಲಿ ಓದಿದ ಹುಡುಗ. ಬಿದ್ದು ಸಿಕ್ಕಿದ ಹತ್ತು ರೂಪಾಯಿಯನ್ನು ಮೇಜಿನ ಮೇಲೆ ತಂದಿಟ್ಟವನು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. "ಎಲ್ಲ ಸ್ವಲ್ಪ ತಣ್ಣಗಾಗಲಿ, ಮುಂದಿನ ವಾರ ಬಾ" ಎಂದೆವು. ಅವನು "ಆಯ್ತು ಸಾರ್, ಆಯ್ತು ಟೀಚರ್" ಎಂದು ಎದ್ದ. ಚಹಾ ಲೋಟದಲ್ಲಿ ಹಾಗೆಯೇ ಉಳಿಯಿತು.

ಆ ರಾತ್ರಿ ನಮ್ಮಿಬ್ಬರಿಗೂ ನಿದ್ದೆ ಹತ್ತಲಿಲ್ಲ. ಕ್ಯಾರೆಕ್ಟರ್ ಬೇರೆ, ರೆಪ್ಯುಟೇಷನ್ ಬೇರೆ ಎಂದು ಎಷ್ಟು ವರ್ಷ ಕರಿಹಲಗೆಯ ಮೇಲೆ ಬರೆದಿದ್ದೇವೆ! ಮನುಷ್ಯ ಏನಾಗಿದ್ದಾನೋ ಅದು ಮೊದಲನೆಯದು, ಜನ ಅವನ ಬಗ್ಗೆ ಏನನ್ನುತ್ತಾರೋ ಅದು ಎರಡನೆಯದು. ಅವನು ಕೇಳಿದ್ದು ಮೊದಲನೆಯದನ್ನು. ಅದನ್ನು ಬರೆಯಲು ನಮಗಿಂತ ಹೆಚ್ಚು ಅರ್ಹರು ಯಾರಿದ್ದರು? ನಾವು ಐದು ವರ್ಷ ಕಣ್ಣಾರೆ ಕಂಡದ್ದನ್ನು ಬದಿಗಿಟ್ಟು, ಮೂರು ದಿನ ಕಿವಿಯಾರೆ ಕೇಳಿದ್ದನ್ನು ನಂಬಿದ್ದೆವು. ನಂಬಿದ್ದೆವು ಎನ್ನುವುದೂ ಸರಿಯಲ್ಲ, ಹೆದರಿದ್ದೆವು. ದೂರದ ಆಸ್ಟ್ರೇಲಿಯಾದ ಸಚಿವರನ್ನು ಬೈದ ನಾವೇ ನಮ್ಮ ಪಡಸಾಲೆಯಲ್ಲಿ ಅವರ ಪರೀಕ್ಷೆಯನ್ನೇ ನಡೆಸಿ ಹುಡುಗನನ್ನು ಫೇಲು ಮಾಡಿದ್ದೆವು.

ಮುಂದಿನ ವಾರ ಅವನು ಬರಲಿಲ್ಲ. ಒಂಬತ್ತನೆಯ ದಿನ ನಾವೇ ಪತ್ರ ಬರೆದು, ಇಬ್ಬರೂ ಸಹಿ ಹಾಕಿ, ಅವನ ಮನೆ ಹುಡುಕಿಕೊಂಡು ಹೋದೆವು. ಅವನು ಬೇರೆ ಊರಿಗೆ ಹೊರಟುಹೋಗಿದ್ದ. ಅವನ ತಾಯಿ ಪತ್ರ ತೆಗೆದುಕೊಂಡು, "ಏನು ಬರೆದಿದ್ದೀರಿ?" ಎಂದು ಕೇಳಿದರು. ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಓದಿ ಹೇಳಿದೆವು. ಆ ತಾಯಿ ಕೊನೆಯವರೆಗೂ ಕೇಳಿ, "ಅವನಿರುವಾಗ ಇದನ್ನು ಹೇಳಿದ್ದರೆ ಅವನಿಗೆ ಸಂತೋಷವಾಗುತ್ತಿತ್ತು" ಎಂದರು.

ಈಗ ನಾವು ನಿವೃತ್ತರು. ಸಂಜೆ ನೆರೆಹೊರೆಯ ನಾಲ್ಕಾರು ಮಕ್ಕಳು ಪಾಠಕ್ಕೆ ಬರುತ್ತಾರೆ. ಹೊಂದಿಸಿ ಬರೆಯಿರಿ ಎಂದು ನಾವು ಹೇಳುವುದಿಲ್ಲ. ಎರಡು ಪದ ಕೊಟ್ಟು, ಇವು ಎಲ್ಲಿ ಬೇರೆಯಾಗುತ್ತವೆ ಹೇಳಿ ಎನ್ನುತ್ತೇವೆ. ಮಕ್ಕಳು ತಲೆ ಕೆರೆದುಕೊಂಡು ಯೋಚಿಸುತ್ತಾರೆ. ನಾವೂ ಅವರೊಂದಿಗೆ ಯೋಚಿಸುತ್ತೇವೆ.