ನಿಂತ ಕಾರಿನ ಸಪ್ಪಳ

ಮಗ ಬೆಂಗಳೂರಿಂದ ಹೊಸಾ ಕಾರ್ ತಗೊಂಡು ದೇವದುರ್ಗಕ್ಕ ಬಂದ ದಿನ ರಾತ್ರಿ ನನಗ ನಿದ್ದಿ ಹತ್ತಲಿಲ್ಲ. ಖುಷಿಗಲ್ಲರಿ, ಅಂಜಿಕಿಗೆ.

ನಗಬ್ಯಾಡ್ರಿ, ಪೂರ್ತಿ ಕೇಳ್ರಿ. ಊಟಾ ಆದ ಮ್ಯಾಲ ಸೊಸಿ ಬ್ಯಾಗ್ ತರಾಕಂತ ಕಾರಿನ ಬಾಗಲಾ ತಗದ್ಲು. ತಗದದ್ದೇ ತಡ, ಬಾನೆಟ್ ಒಳಗಿಂದ "ಜುಂಯ್" ಅಂತ ಸಪ್ಪಳ ಬಂತು, ಎರಡು ಮೂರು ಸೆಕೆಂಡಿಗೆ ನಿಂತೂ ಹೋತು. ಚಾಲೂ ಮಾಡಿಲ್ಲ, ಗುಂಡಿ ಒತ್ತಿಲ್ಲ. ಕಟ್ಟಿ ಮ್ಯಾಲ ಕುಂತಿದ್ದ ಬಾಜೂಮನಿ ಅಕ್ಕ, "ಒಳಗ ಇಲಿ ಹೊಕ್ಕದ ನೋಡವಾ" ಅಂದ್ಲು. ಆಮ್ಯಾಲ ಮಂದಿ ಎಲ್ಲಾ ಮಲಗಿದ ಮ್ಯಾಲ ಟಿಕ್, ಟಿಕ್, ಟಿಕ್. ನಾ ಎರಡು ಸಲ ಎದ್ದು ಬ್ಯಾಟರಿ ಹಿಡಕೊಂಡು ಕಾರಿನ ಸುತ್ತ ತಿರುಗಿದೆ.

ಬೆಳಿಗ್ಗಿ ಚಾ ಕುಡಿಯೂ ಮುಂದ ಮಗನ್ನ ಹಿಡದು ಕುಂಡ್ರಿಸಿ ಒಂದೊಂದೇ ಕೇಳಿದೆ. ಇದು ಹೈಬ್ರಿಡ್ ಕಾರಂತ. ಪೆಟ್ರೋಲ್ ಇಂಜಿನ್ನೂ ಅದ, ಕರೆಂಟಿನ ಮೋಟಾರೂ ಅದ, ಎರಡೂ ಸರತಿ ಪ್ರಕಾರ ದುಡೀತಾವ. ಜಪಾನಿನ್ಯಾಗ 1997ರಾಗೇ ಇಂಥಾ ಕಾರ್ ಮಾರಾಟಕ್ಕ ಬಂದಿದ್ವಂತ. ನಮ್ಮ ಕರ್ನಾಟಕದಾಗೂ ಬಿಡದಿ ಕಾರ್ಖಾನಿಯಾಗ ಹೈಬ್ರಿಡ್ ಕಾರ್ ಮಾಡ್ತಾರ. ನಮ್ಮ ಅಂಗಳಕ್ಕ ಬಂದು ನಿಲ್ಲಾಕ ಇಷ್ಟು ವರ್ಷ ಬೇಕಾತು, ಇರಲಿ.

ಆ "ಜುಂಯ್" ಅನ್ನೂದು ಬ್ರೇಕಿನ ಪಂಪು. ಹಳೇ ಕಾರಿನ್ಯಾಗ ಇಂಜಿನ್ ತಿರುಗೂದರಿಂದ ಬ್ರೇಕಿಗೆ ಬಲಾ ಬರ್ತಿತ್ತು. ಇದರಾಗ ಇಂಜಿನ್ ಬಹಳ ಹೊತ್ತು ಬಂದೇ ಇರ್ತದಲ್ಲ, ಅದಕ್ಕ ಕರೆಂಟಿನ ಪಂಪ್ ಇಟ್ಟಾರ. ಬಾಗಲಾ ತಗದ ಕೂಡ್ಲೆ "ಯಜಮಾನ ಬಂದಾ" ಅಂತ ತಿಳಕೊಂಡು ಅದು ಒತ್ತಡ ತುಂಬಿಕೊಳ್ಳತದ. ರಾತ್ರಿ ಟಿಕ್ ಟಿಕ್ ಅಂದದ್ದು ಸೈಲೆನ್ಸರ್ ಪೈಪು ಕಾದು ಆರೂ ಸಪ್ಪಳ. ಇದು ಎಲ್ಲಾ ಕಾರಿಗೂ ಇದ್ದದ್ದೇ. ರೊಟ್ಟಿ ಮುಗಿದ ಮ್ಯಾಲ ಹಂಚು, ಸಂಜೀಕ ನಮ್ಮ ತಗಡಿನ ಶೆಡ್ಡು ಹಂಗೇ ಸಪ್ಪಳಾ ಮಾಡ್ತಾವಲ್ಲ, ಅಷ್ಟೇ. ಗುಂಡಿ ಒತ್ತಿದಾಗ "ಟಕ್" ಅಂತದ, ಅದು ದೊಡ್ಡ ಬ್ಯಾಟರಿಯ ಮೇನ್ ಸ್ವಿಚ್ ಇದ್ದಂಗ.

ಇನ್ನೊಂದು ಸಪ್ಪಳ ನಾನೇ ಹುಡುಕಿದೆ. ಪ್ಯಾಟ್ಯಾಗ ಕಾರ್ ನಿಲ್ಲಿಸಿ, ಏಸಿ ಹಚ್ಚಿಟ್ಟು ಮಗ ಗುಳಿಗಿ ತರಾಕ ಹೋಗಿದ್ದ. ಮೇ ತಿಂಗಳ ಮಟಮಟ ಮಧ್ಯಾಹ್ನ, ನಮ್ಮ ರಾಯಚೂರು ಸೀಮಿ ಬಿಸಲು ನಿಮಗ ಹೇಳಬೇಕಾ? ಇಂಜಿನ್ ಬಂದ್, ಆದ್ರ ಹಿಂದಿನ ಸೀಟಿನ ಬಾಜೂಕ "ಸುಂಯ್ಯ" ಅಂತ ಫ್ಯಾನ್ ತಿರುಗಾಕ ಹತ್ತಿತು. ಆ ದೊಡ್ಡ ಬ್ಯಾಟರಿಗೂ ಶೆಕಿ ಆಗ್ತದಂತ, ಕಾರಿನೊಳಗಿನ ತಂಪು ಗಾಳಿ ಎಳಕೊಳ್ಳತದ. ಅಲ್ಲೊಂದು ಜಾಳಗಿ ಅದ. ಅದರ ಮುಂದ ನಾ ಜ್ವಾಳದ ಚೀಲಾ ಒತ್ತಿ ಇಟ್ಟಿದ್ದೆ! ಜಾಳಗಿ ಮುಚ್ಚಬಾರದಂತ ಮಗ ಬೈದ. ಹೇಳದಿದ್ರ ನಮಗೇನು ಗೊತ್ತಾಗ್ತದರಿ?

ಇಲಿ ಹೊಕ್ಕರ ಹೆಂಗ ತಿಳೀಬೇಕು ಅಂತಾನೂ ಕೇಳಿದೆ. ಮಶೀನಿನ ಸಪ್ಪಳ ಒಂದೇ ಸಮ ಇರ್ತದ, ಇಲಿ ಕರ್ ಕರ್ ಅಂದು ಸುಮ್ಮನಾಗಿ ಮತ್ತ ಕರ್ ಕರ್ ಅಂತದ. ಇಲಿ ಕಡದದ್ದು ಕಂಡ್ರೂ ಕಿತ್ತಳಿ ಬಣ್ಣದ ವೈರಿಗೆ ಮಾತ್ರ ಕೈ ಹಚ್ಚಬಾರದು, ಅದು ಭಾಳ ಜೋರು ಕರೆಂಟಿಂದು.

ಇಷ್ಟಾದ ಮ್ಯಾಲ ನಿಜವಾದ ಮಾತಿಗೆ ಬರ್ತೀನಿ.

ನಾಕನೇ ದಿನ ಮಗ ಸೊಸಿ ಬೀಗರ ಜೋಡಿ ಮಾನ್ವಿಗೆ ಲಗ್ನಕ್ಕ ಹೋಗಿದ್ರು. ನಮ್ಮವರು ಕಾರ್ ತಗೊಂಡು ಹೊಲಕ್ಕ ಹೋಗಿ ಬಂದು ಶೆಡ್ಡಿನ್ಯಾಗ ನಿಲ್ಲಿಸಿದ್ರು. ಧೂಳ ಅಂತ ಶಟರ್ ಎಳದ್ರು, ಕೀಲಿ ಕಿಸೆದಾಗ ಇಟಕೊಂಡು ಒಳಗ ಬಂದ್ರು. ಕಾರು ಪೀಂ ಪೀಂ ಅಂದಿತ್ತಂತ, ಇವರು ಲಾಕ್ ಆತು ಅಂತ ತಿಳಕೊಂಡಾರ. ಇವರ ಹಳೇ ಜೀಪು ಬಂದಾದ್ರ ಓಣಿಗೆಲ್ಲಾ ಗೊತ್ತಾಗ್ತದ. ಇದು ಮೊದಲೇ ಸುಮ್ಮನಿತ್ತಲ್ಲ, ಬಂದಾಗ್ಯದ ಅಂತ ಗುಂಡಿ ಒತ್ತಲೇ ಇಲ್ಲ.

ನಾ ಅಡಗಿಮನ್ಯಾಗ ರೊಟ್ಟಿ ಬಡೀತಿದ್ದೆ. ಅರ್ಧ ತಾಸಿನ ಮ್ಯಾಲ ಶೆಡ್ಡಿನ ಕಡಿಂದ "ಬುರ್ರ" ಅಂತ ಇಂಜಿನ್ ಸಪ್ಪಳ. ನಮ್ಮವರು ಪಡಸಾಲಿಯಾಗ ಪೇಪರ್ ಓದಾಕ ಹತ್ಯಾರ. ಹಂಗಾರ ಕಾರ್ ಚಾಲೂ ಮಾಡಿದವರು ಯಾರು? ಹಿಟ್ಟಿನ ಕೈಲೇ ಓಡಿದೆ. ಹಿತ್ತಲ ಕಡಿ ಸಣ್ಣ ಬಾಗಲಾ ತಗದಿತ್ತು. ನಾಕು ವರ್ಷದ ಮೊಮ್ಮಗ ಡ್ರೈವರ್ ಸೀಟಿನ್ಯಾಗ ಕುಂತು ಸ್ಟೇರಿಂಗ್ ತಿರುವಾಕ ಹತ್ತಿದ್ದ. ಶೆಡ್ಡಿನ ತುಂಬ ಹೊಗಿ ವಾಸನಿ. ಕೂಸಿನ್ನ ಕಂಕಳಾಗ ಎತ್ತಿಕೊಂಡು ಹೊರಗ ಬಂದೆ, ನಮ್ಮವರು ಶಟರ್ ಎತ್ತಿ ಗುಂಡಿ ಒತ್ತಿದ್ರು. ಕೈಕಾಲು ನಡಗೂದು ಸಂಜಿತನಾ ನಿಲ್ಲಲಿಲ್ಲ ನನಗ.

ಹುಡುಗ ಏನೂ ಚಾಲೂ ಮಾಡಿದ್ದಿಲ್ಲರಿ. ಕಾರ್ ಮೊದಲಿಂದಾನೂ ಚಾಲೂ ಇತ್ತು, ಏಸಿ ಓಡಿ ಓಡಿ ಬ್ಯಾಟರಿ ಇಳದ ಕೂಡ್ಲೆ ತುಂಬಸಾಕ ತಾನೇ ಇಂಜಿನ್ ಹಚ್ಚಿಕೊಂಡದ. ಮುಂದಿನ ಫಲಕದಾಗ "ರೆಡಿ" ಅನ್ನೂ ಅಕ್ಷರ ಇರೂತನಾ ಕಾರ್ ಬಂದಲ್ಲ, ಎಷ್ಟೇ ಸುಮ್ಮನಿರಲಿ. ಮುಚ್ಚಿದ ಜಾಗಾದಾಗ ಆ ಹೊಗಿಯೊಳಗ ಕಾರ್ಬನ್ ಮೊನಾಕ್ಸೈಡ್ ಇರ್ತದ, ಅದಕ್ಕ ಬಣ್ಣಿಲ್ಲ, ವಾಸನಿ ಇಲ್ಲ. ಬಾಣಂತಿ ಕ್ವಾಣಿಯಾಗ ಅಗ್ಗಿಷ್ಟಿಗಿ ಇಟ್ಟು ಕಿಡಕಿ ಬಾಗಲಾ ಪೂರ್ತಿ ಹಾಕಬ್ಯಾಡ್ರಿ ಅಂತಾರಲ್ಲ, ಇದೂ ಅದೇ ವಿಷ.

ಮನಿಗೆ ಇಂಥಾ ಕಾರ್ ಬಂದ್ರ ಜುಂಯ್, ಟಿಕ್, ಸುಂಯ್ ಅಂದದ್ದಕ್ಕೆಲ್ಲ ಅಂಜಬ್ಯಾಡ್ರಿ. ಯಾರೂ ಇಲ್ಲದಾಗ ಇಂಜಿನ್ ಹತ್ತಿತಂದ್ರ ಮಾತ್ರ ಒಲಿ ಮ್ಯಾಲ ಏನಿದ್ರೂ ಬಿಟ್ಟು ಓಡ್ರಿ. ಅವತ್ತು ನನ್ನ ರೊಟ್ಟಿ ಹಂಚಿನ ಮ್ಯಾಲೇ ಕರ್ರಗಾಗಿತ್ತು.

ಮಗ ಕಾರ್ ತಗೊಂಡು ಬಂದಾಗೆಲ್ಲ ಈಗ ನಾ ಅಡಗಿಮನಿಂದ್ಲೇ ಒದರತೀನಿ, "ರೆಡಿ ಆರ್ಯದೇನ್ರೀ?" ನಮ್ಮವರು ಇನ್ನೂ ಚಪ್ಪಲಿ ಬಿಟ್ಟಿರಂಗಿಲ್ಲ, ಗೊಣಗತಾ ಹೊಳ್ಳಿ ಹೋಗಿ ನೋಡಿ ಬರ್ತಾರ.